ಶೇಕಡಾ ಇಳಿಕೆಯಂತೆ! ಯಾವುದರ ಶೇಕಡಾ?

2025ರ ನವರಾತ್ರಿಯ ದಿನಗಳಲ್ಲಿ ಸಿಂದಗಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮುಂದೆ ಒಂದು ಜಗಳ ನಡೆಯಿತು. ಒಂದು ಕಡೆ ಹತ್ತಿ ಗಿರಣಿಯ ಕಾಮಗಾರ, ಇನ್ನೊಂದು ಕಡೆ ಅಂಗಡಿಕಾರ, ನಡುವೆ ಐವತ್ತೊಂಬತ್ತು ರೂಪಾಯಿಯ ಒಂದು ಹಲ್ಲುಪೇಸ್ಟು. "ಸರಕಾರ ತೆರಿಗೆಯನ್ನು ಹದಿನೆಂಟರಿಂದ ಐದಕ್ಕೆ ಇಳಿಸಿದೆ. ಹದಿನೆಂಟರಲ್ಲಿ ಐದು ಹೋದರೆ ಹದಿಮೂರು. ಶೇಕಡಾ ಹದಿಮೂರರಂತೆ ಏಳು ರೂಪಾಯಿ ಅರವತ್ತೇಳು ಪೈಸೆ ಬಿಡು" ಎಂದು ಕಾಮಗಾರ. "ಆರೂವರೆ ಬಿಡುತ್ತೇನೆ, ಅದರ ಮೇಲೆ ಒಂದು ಪೈಸೆಯೂ ಇಲ್ಲ" ಎಂದು ಅಂಗಡಿಕಾರ. ಇವನು ಅವನನ್ನು ಕಳ್ಳನೆಂದ, ಅವನು ಇವನಿಗೆ ತಲೆ ಕೆಟ್ಟಿದೆ ಎಂದ. ನಿಂತು ನೋಡುತ್ತಿದ್ದ ಮಂದಿಯಲ್ಲಿ ಹೆಚ್ಚಿನವರು ಕಾಮಗಾರನ ಪಕ್ಷವನ್ನೇ ಹಿಡಿದರು. ನಮ್ಮ ಪತ್ರಿಕೆ ಯಾವಾಗಲೂ ಕಾಮಗಾರನ ಪಕ್ಷವಾದರೂ, ಆ ದಿನ ಲೆಕ್ಕದಲ್ಲಿ ಸರಿಯಿದ್ದವನು ಅಂಗಡಿಕಾರ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಹೇಗೆಂದರೆ, ತೆರಿಗೆಯನ್ನು ಲೆಕ್ಕ ಹಾಕುವುದು ಮಾಲಿನ ಮೂಲ ಬೆಲೆಯ ಮೇಲೆ. ಆದರೆ ಗಿರಾಕಿಯ ಕೈಗೆ ಬರುವ ಬೆಲೆಯಲ್ಲಿ ಮೂಲ ಬೆಲೆಯೂ ತೆರಿಗೆಯೂ ಕೂಡಿಯೇ ಇರುತ್ತವೆ. ಮೂಲ ಬೆಲೆ ನೂರು ಇದ್ದಾಗ ಹಿಂದೆ ಗಿರಾಕಿ ಕೊಡುತ್ತಿದ್ದುದು ನೂರಾ ಹದಿನೆಂಟು. ಈಗ ಕೊಡಬೇಕಾದುದು ನೂರಾ ಐದು. ಇಳಿದದ್ದು ಹದಿಮೂರು ರೂಪಾಯಿ, ನಿಜ. ಆದರೆ ಅದು ಇಳಿದದ್ದು ನೂರಾ ಹದಿನೆಂಟರಿಂದ, ನೂರರಿಂದ ಅಲ್ಲ. ಹದಿಮೂರನ್ನು ನೂರಾ ಹದಿನೆಂಟರಿಂದ ಭಾಗಿಸಿ ನೋಡಿರಿ: ಶೇಕಡಾ ಹನ್ನೊಂದು ಮಾತ್ರ. ಐವತ್ತೊಂಬತ್ತು ರೂಪಾಯಿಯ ಪೇಸ್ಟಿನ ಮೂಲ ಬೆಲೆ ಐವತ್ತು. ಅದರ ಮೇಲೆ ಐದರಂತೆ ತೆರಿಗೆ ಎರಡೂವರೆ. ಹೊಸ ಬೆಲೆ ಐವತ್ತೆರಡೂವರೆ. ಅಂಗಡಿಕಾರ ಹೇಳಿದ ಆರೂವರೆ ರೂಪಾಯಿ ಪೈಸೆ ತಪ್ಪದೆ ಸರಿ.

ಒಂದು ರೂಪಾಯಿ ಹದಿನೇಳು ಪೈಸೆಗಾಗಿ ಒಂದೇ ಓಣಿಯ ಇಬ್ಬರು ಬಡವರು ಒಬ್ಬರ ಮೇಲೊಬ್ಬರು ಬಿದ್ದರು. ಹದಿನೆಂಟು, ಐದು ಎಂಬ ಎರಡು ಅಂಕಿಗಳು ನಾಡಿನ ತುಂಬ ಡಂಗುರವಾಗಿದ್ದವು. ಹಾಗಾದರೆ ಪೇಸ್ಟಿಗೆ ಎಷ್ಟು ಎಂಬ ಮೂರನೆಯ ಅಂಕಿ ಮಾತ್ರ ಸಿಂದಗಿಯ ಆ ಕಟ್ಟೆಯವರೆಗೆ ಬಂದಿರಲಿಲ್ಲ. ಪೇಸ್ಟು ಮಾಡುವ ಕಂಪನಿಯೂ ಆ ಜಗಳದಲ್ಲಿ ಇರಲಿಲ್ಲ. ಅದು ಎಂದೂ ಇರುವುದಿಲ್ಲ.

"ಇದೇನು, ರಾಜಕಾರಣ ಬಿಟ್ಟು ಪತ್ರಿಕೆಯವರು ಏಳನೆಯ ಇಯತ್ತೆಯ ಗಣಿತ ಹೇಳಲು ಹೊರಟರಲ್ಲ" ಎಂದು ಕೆಲವು ಮಿತ್ರರು ಮೂಗು ಮುರಿದಾರು. ಮುರಿಯಲಿ. ಬಂಡವಾಳಗಾರನ ಕಚೇರಿಯಲ್ಲಿ ಈ ಏಳನೆಯ ಇಯತ್ತೆಯ ಗಣಿತವನ್ನು ಮಾಡುವುದಕ್ಕೆಂದೇ ದೊಡ್ಡ ಪಗಾರದ ಮಂದಿ ಕುಳಿತಿರುತ್ತಾರೆ. ಈ ಗಣಿತ ನಮ್ಮ ನಾಡಿಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ವ್ಯವಹಾರಗಣಿತವನ್ನು ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ತ್ರೈರಾಶಿಕವಿದೆ. ಆ ಭಾಸ್ಕರಾಚಾರ್ಯ ನಮ್ಮ ಬಿಜಾಪುರ ಸೀಮೆಯವನೆಂದು ನಾವು, ಖಾನದೇಶದವನೆಂದು ಮರಾಠಿಗರು. ಆ ವಾದವನ್ನು ಪಂಡಿತರಿಗೆ ಬಿಡೋಣ. ಎಂಟುನೂರು ವರ್ಷಗಳ ಹಿಂದೆ ನಮ್ಮ ವ್ಯಾಪಾರಿ ಬಲ್ಲ ಲೆಕ್ಕವನ್ನು ಇಂದಿನ ನಮ್ಮ ಕಾಮಗಾರ ಮರೆತು ಕುಳಿತರೆ ಲಾಭ ಯಾರಿಗೆ ಎಂಬುದೇ ಪ್ರಶ್ನೆ.

ಲೆಕ್ಕ ಕಠಿಣವೇನಲ್ಲ. ಹಳೆಯದರಿಂದ ಹೊಸದನ್ನು ಕಳೆಯಿರಿ, ಉಳಿದುದನ್ನು ಹಳೆಯದರಿಂದ ಭಾಗಿಸಿರಿ, ನೂರರಿಂದ ಗುಣಿಸಿರಿ. ಕಾಗದವಿಲ್ಲದಿದ್ದರೆ ಹಳೆಯ ಬೆಲೆಯ ಹತ್ತನೆಯ ಒಂದು ಪಾಲನ್ನು ಬೆರಳ ಮೇಲೆ ಹಿಡಿಯಿರಿ. ಅರವತ್ತು ರೂಪಾಯಿಯ ಮಾಲು ಐವತ್ತೊಂದಕ್ಕೆ ಬಂದಿತೆನ್ನಿ. ಅರವತ್ತರ ಹತ್ತನೆಯ ಪಾಲು ಆರು, ಅದು ಶೇಕಡಾ ಹತ್ತು. ಇನ್ನು ಮೂರು ಉಳಿಯಿತು, ಅದು ಶೇಕಡಾ ಐದು. ಒಟ್ಟು ಹದಿನೈದು. ಇಷ್ಟೇ. ಇದರಲ್ಲಿ ಮೋಸ ನಡೆಯುವುದು ಗುಣಾಕಾರದಲ್ಲಿ ಅಲ್ಲ, "ಹಳೆಯದು" ಯಾವುದು ಎಂಬಲ್ಲಿ. ಯಾರಾದರೂ ಇಷ್ಟು ಶೇಕಡಾ ಇಳಿಯಿತು ಎಂದು ಹೇಳಿದೊಡನೆ "ಯಾವುದರ ಶೇಕಡಾ?" ಎಂದು ಕೇಳುವುದನ್ನು ನಾವು ರೂಢಿ ಮಾಡಿಕೊಳ್ಳಬೇಕು. ಈ ಮೂರಕ್ಷರದ ಜ್ಞಾನಕ್ಕೆ ಹೆದರುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಕೇಳಿ ನೋಡಿದಾಗಲೇ ತಿಳಿಯುವುದು.

ಜಿ.ಎಸ್.ಟಿ.ಯ ಮಾತನ್ನೇ ಮುಗಿಸೋಣ. 2025ರ ಸೆಪ್ಟೆಂಬರ 22ರಂದು ಸಾಬೂನು, ತಲೆಗೆಣ್ಣೆ, ಬಿಸ್ಕೀಟು ಹದಿನೆಂಟರಿಂದ ಐದಕ್ಕೆ ಬಂದವು. ತುಪ್ಪ, ಬೆಣ್ಣೆ ಹನ್ನೆರಡರಿಂದ ಐದಕ್ಕೆ, ಸಿಮೆಂಟು ಇಪ್ಪತ್ತೆಂಟರಿಂದ ಹದಿನೆಂಟಕ್ಕೆ ಬಂದವು. ತುಪ್ಪದ ಬೆಲೆ ಶೇಕಡಾ ಏಳು ಇಳಿಯಬೇಕೆಂದು ಕಾಯ್ದವರು ತಿಳಿಯಬೇಕಾದುದು: ನೂರಾ ಹನ್ನೆರಡರಲ್ಲಿ ಏಳು ಎಂದರೆ ಶೇಕಡಾ ಆರೂಕಾಲು. ಐನೂರಾ ಅರವತ್ತರ ತುಪ್ಪ ಐನೂರಾ ಇಪ್ಪತ್ತೈದಕ್ಕೆ ಬರಬೇಕು. ಸಿಮೆಂಟು ಶೇಕಡಾ ಹತ್ತು ಅಲ್ಲ, ಎಂಟಕ್ಕೂ ಸ್ವಲ್ಪ ಕಡಿಮೆ. ಮುನ್ನೂರಾ ಎಂಬತ್ತನಾಲ್ಕರ ಚೀಲ ಮುನ್ನೂರಾ ಐವತ್ತನಾಲ್ಕಕ್ಕೆ. ಮುದ್ದೇಬಿಹಾಳದಲ್ಲಿ ಮನೆ ಕಟ್ಟಿಸುವವನು ಚೀಲಕ್ಕೆ ಮೂವತ್ತು ರೂಪಾಯಿ ಕೇಳಿದರೆ ನ್ಯಾಯ, ಮೂವತ್ತೆಂಟು ಕೇಳಿದರೆ ಅನ್ಯಾಯ, ಹತ್ತು ರೂಪಾಯಿಗೆ ಸುಮ್ಮನಾದರೆ ಮೂರ್ಖತನ.

ಸಣ್ಣ ಅಂಗಡಿಕಾರನ ಪರವಾಗಿ ಇನ್ನೊಂದು ಮಾತು. ರಾಜಿ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿ ತನ್ನ ತೆರಿಗೆಯುಳ್ಳ ಮಾಲಿನ ವಹಿವಾಟಿನ ಮೇಲೆ ಶೇಕಡಾ ಒಂದನ್ನು ಕೈಯಿಂದಲೇ ಕಟ್ಟುತ್ತಾನೆ. ಗಿರಾಕಿಯಿಂದ ತೆರಿಗೆ ಎಂದು ಬೇರೆ ವಸೂಲು ಮಾಡುವ ಹಕ್ಕು ಅವನಿಗಿಲ್ಲ. ಖರೀದಿಯಲ್ಲಿ ತಾನು ಕೊಟ್ಟ ತೆರಿಗೆಯನ್ನು ವಜಾ ಹಾಕಿಕೊಳ್ಳುವ ಹಕ್ಕೂ ಇಲ್ಲ. ಸೆಪ್ಟೆಂಬರ 21ರ ರಾತ್ರಿ ಅವನ ಕಪಾಟಿನಲ್ಲಿದ್ದ ಮಾಲು ಹದಿನೆಂಟರ ತೆರಿಗೆ ಕೊಟ್ಟು ತಂದ ಮಾಲು. ಬೆಳಗಾದರೆ ಐದರ ಬೆಲೆಗೆ ಮಾರಬೇಕು. ಕಂಪನಿಯ ವಿತರಕ ಆ ಅಂತರವನ್ನು ತುಂಬಿಕೊಡದಿದ್ದರೆ ಇಳಿಕೆಯ ಹಬ್ಬದ ಖರ್ಚು ಅವನ ಮನೆಯ ಹಿಟ್ಟಿನ ಡಬ್ಬಿಯಿಂದ ಹೋಗುತ್ತದೆ. ಆದುದರಿಂದ ಕಾಮಗಾರ ಮಿತ್ರರು ಕಟ್ಟೆಯ ಮೇಲಿನವನ ಕೊರಳಪಟ್ಟಿ ಹಿಡಿಯುವ ಮೊದಲು ಪೊಟ್ಟಣದ ಮೇಲೆ ಅಚ್ಚಾದ ಹೆಸರು ಯಾರದೆಂದು ಓದಲಿ.

ಪೊಟ್ಟಣವೆಂದೊಡನೆ ಐದು ರೂಪಾಯಿಯ ಬಿಸ್ಕೀಟಿನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ನಾಲ್ಕು ರೂಪಾಯಿ ನಾಲ್ವತ್ತೈದು ಪೈಸೆಯ ಬಿಸ್ಕೀಟು ಪೇಟೆಯಲ್ಲಿ ನಡೆಯುವುದಿಲ್ಲ. ಚಿಲ್ಲರೆ ಎಲ್ಲಿದೆ? ಆದುದರಿಂದ ಬೆಲೆಯನ್ನು ಹಾಗೆಯೇ ಇಟ್ಟು ತೂಕವನ್ನು ಹೆಚ್ಚಿಸುವ ದಾರಿ. ಇದು ತಪ್ಪೇನಲ್ಲ, ಆದರೆ ಎಷ್ಟು ಹೆಚ್ಚಿಸಬೇಕು? ಹನ್ನೊಂದಲ್ಲ. ನೂರಾ ಐದಕ್ಕೆ ಬರುವ ಮಾಲನ್ನು ನೂರಾ ಹದಿನೆಂಟು ಕೊಟ್ಟು ಕೊಳ್ಳುವವನಿಗೆ ಶೇಕಡಾ ಹನ್ನೆರಡಕ್ಕಿಂತ ಸ್ವಲ್ಪ ಹೆಚ್ಚೇ ಮಾಲು ಸಿಗಬೇಕು. ಐವತ್ತು ಗ್ರಾಮಿನದು ಐವತ್ತಾರು ಗ್ರಾಮು ಆಗಬೇಕು. ಆಗಿದೆಯೇ? ಮನೆಯಲ್ಲಿ ಹಳೆಯ ಕಾಗದ ಉಳಿದವರು ನೋಡಿಕೊಳ್ಳಬೇಕು. ಕಾಗದವನ್ನು ಒಲೆಗೆ ಹಾಕಿದವನ ಸಾಕ್ಷಿ ಒಲೆಯಲ್ಲಿಯೇ ಹೋಯಿತು.

ಹಿಂದೆ ಬೆಲೆ ಏರಿಸಲು ಅಂಜಿದಾಗಲೆಲ್ಲ ತೂಕ ಇಳಿಸುವ ವಿದ್ಯೆಯನ್ನು ಕಲಿಸಿದವರೂ ಇದೇ ಪೊಟ್ಟಣದವರು. ನೂರು ಗ್ರಾಮಿನ ಪೊಟ್ಟಣ ಎಂಬತ್ತಕ್ಕೆ ಇಳಿಯಿತೆಂದು ಹಿಡಿಯಿರಿ. ತೂಕ ಇಳಿದದ್ದು ಶೇಕಡಾ ಇಪ್ಪತ್ತು, ಆದರೆ ಬೆಲೆ ಏರಿದ್ದು ಶೇಕಡಾ ಇಪ್ಪತ್ತೈದು. ಏಕೆಂದರೆ ಮೊದಲು ಎಂಬತ್ತು ಗ್ರಾಮಿಗೆ ನಾಲ್ಕು ರೂಪಾಯಿ ಕೊಡುತ್ತಿದ್ದವನು ಈಗ ಐದು ಕೊಡುತ್ತಾನೆ. ಮುಂದೆ ಅದೇ ಎಂಬತ್ತು ತೊಂಬತ್ತಾದಾಗ "ಹೆಚ್ಚು ಮಾಲು, ಅದೇ ಬೆಲೆ" ಎಂದು ಕೆಂಪು ಅಕ್ಷರದಲ್ಲಿ ಅಚ್ಚಾಗುತ್ತದೆ. ನೂರು ಇದ್ದುದನ್ನು ನೆನಪಿಡುವವರು ಯಾರು?

ಇನ್ನು ಕಾನೂನು. ತೆರಿಗೆ ಇಳಿದಾಗ ಅದರ ಲಾಭ ಗಿರಾಕಿಗೆ ಮುಟ್ಟಲೇಬೇಕೆಂದು 2017ರ ಜಿ.ಎಸ್.ಟಿ. ಕಾಯಿದೆಯ 171ನೆಯ ಕಲಮು ಹೇಳುತ್ತದೆ. ಅದನ್ನು ನೋಡಿಕೊಳ್ಳಲು ಲಾಭಕೋರತನ ವಿರೋಧಿ ಪ್ರಾಧಿಕಾರವೊಂದನ್ನು ಮಾಡಿದ್ದರು. 2022ರ ನವೆಂಬರ ಅಂತ್ಯಕ್ಕೆ ಅದನ್ನು ಮುಚ್ಚಿ ಕೆಲಸವನ್ನು ಸ್ಪರ್ಧಾ ಆಯೋಗಕ್ಕೆ ಕೊಟ್ಟರು. 2024ರ ಅಕ್ಟೋಬರಿನಲ್ಲಿ ಅಲ್ಲಿಂದ ತೆಗೆದು ನ್ಯಾಯಾಧಿಕರಣಕ್ಕೆ ಕೊಟ್ಟರು. 2025ರ ಎಪ್ರಿಲ್ 1ರಿಂದ ಹೊಸ ತಕರಾರು ಸ್ವೀಕರಿಸುವುದಿಲ್ಲವೆಂದು ಅಧಿಸೂಚನೆ ಹೊರಡಿಸಿದರು. ವಾಚಕರು ತಾರೀಖುಗಳನ್ನು ಗಮನಿಸಬೇಕು. ಎಪ್ರಿಲಿನಲ್ಲಿ ಕಾವಲುಗಾರನನ್ನು ಮನೆಗೆ ಕಳಿಸಿ ಸೆಪ್ಟೆಂಬರಿನಲ್ಲಿ ಕಣಜದ ಬಾಗಿಲು ತೆರೆದರು! 1915 ಎಂಬ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು, ಹೇಳಿರಿ. ಆದರೆ ಕೇಳಿಕೊಳ್ಳುವ ಕಿವಿ ಬೇರೆ, ದಂಡ ಹಾಕುವ ಕೈ ಬೇರೆ.

ಬಸವನ ಬಾಗೇವಾಡಿಯ ಪೇಟೆಯಲ್ಲಿ ಬಟ್ಟೆಯಂಗಡಿಯೊಂದರ ಹಲಗೆಯ ಮೇಲೆ "ಶೇಕಡಾ 50 + 20 ರಿಯಾಯಿತಿ" ಎಂದು ಬರೆದಿತ್ತು. ಎಪ್ಪತ್ತೆಂದು ತಿಳಿದು ಒಳಗೆ ಹೋದವನಿಗೆ ಸಿಕ್ಕಿದ್ದು ಅರವತ್ತು. ಸಾವಿರ ಐನೂರಾಗಿ, ಐನೂರರ ಮೇಲೆ ಇಪ್ಪತ್ತರಂತೆ ನೂರು ಹೋಗಿ ನಾಲ್ಕುನೂರು. ಸಣ್ಣ ವ್ಯಾಪಾರಿಗಳು ನಮ್ಮವರೇ ಎಂದು ಈ ಹಲಗೆಯನ್ನು ನಾವು ಒಪ್ಪಲಾರೆವು. ದೊಡ್ಡವರ ಚಾಳಿಯನ್ನು ಸಣ್ಣವರು ಕಲಿತರೆ ದೊಡ್ಡವರಿಗೇ ಅನುಕೂಲ.

ಇಂಡಿಯ ಲಿಂಬೆಯ ಮಾತು ಬೇರೆ ರೀತಿಯದು. 2023ರಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಗುರುತು ಸಿಕ್ಕಿತು, ಇಂಡಿಯಲ್ಲಿಯೇ ಲಿಂಬೆ ಅಭಿವೃದ್ಧಿ ಮಂಡಳಿ ಇದೆ. ಸಂತೋಷ. ಆದರೆ ಬೇಸಿಗೆಯ ಧಾರಣೆಗೂ ಮಳೆಗಾಲದ ಧಾರಣೆಗೂ ಇರುವ ಅಂತರ ಗುರುತಿನಿಂದ ಮುಚ್ಚುವುದಿಲ್ಲ. ಲೆಕ್ಕಕ್ಕಾಗಿ ಸಾವಿರ ಕಾಯಿಗೆ ಐದು ಸಾವಿರ ಇದ್ದ ಧಾರಣೆ ಒಂದು ಸಾವಿರಕ್ಕೆ ಬಿದ್ದಿತೆನ್ನಿ. ಬಿದ್ದದ್ದು ಶೇಕಡಾ ಎಂಬತ್ತು. ಮುಂದೆ ಎರಡು ಸಾವಿರವಾದಾಗ "ಲಿಂಬೆ ಧಾರಣೆಯಲ್ಲಿ ಶೇಕಡಾ ನೂರು ಏರಿಕೆ" ಎಂಬ ಸುದ್ದಿ ಬರುತ್ತದೆ. ಎಂಬತ್ತು ಬಿದ್ದು ನೂರು ಎದ್ದನಲ್ಲ, ರೈತ ಗೆದ್ದನಲ್ಲ ಎಂದು ನಗರದ ಓದುಗ ತಿಳಿಯುತ್ತಾನೆ. ವಾಸ್ತವದಲ್ಲಿ ರೈತ ಮೊದಲಿಗಿಂತ ಶೇಕಡಾ ಅರವತ್ತು ಕೆಳಗೇ ಇದ್ದಾನೆ. ಎಂಬತ್ತು ಬಿದ್ದವನು ಮೊದಲಿನ ಜಾಗಕ್ಕೆ ಬರಬೇಕಾದರೆ ನಾಲ್ಕುನೂರು ಏರಬೇಕು. ಬಾವಿಗೆ ಬೀಳುವ ಮೆಟ್ಟಿಲೂ ಹತ್ತುವ ಮೆಟ್ಟಿಲೂ ಒಂದೇ ಅಳತೆಯವಲ್ಲ.

ಇದೇ ಚಮತ್ಕಾರವನ್ನು ಸರಕಾರವೂ ಬಲ್ಲದು. 2020ರಲ್ಲಿ ರಾಜ್ಯ ಸರಕಾರ ಕೃಷಿ ಮಾರುಕಟ್ಟೆಯ ಶುಲ್ಕವನ್ನು ನೂರಕ್ಕೆ ಒಂದೂವರೆ ರೂಪಾಯಿಯಿಂದ ಮೂವತ್ತೈದು ಪೈಸೆಗೆ ಇಳಿಸಿತು, ಆ ಮೇಲೆ ಅರವತ್ತು ಪೈಸೆಗೆ ತಂದಿತು. ಶೇಕಡಾ ಒಂದು ಚಿಲ್ಲರೆ ಇಳಿಯಿತು ಅಷ್ಟೇ ಎಂದರೆ ಅದು ಲೆಕ್ಕವಲ್ಲ. ಮಾರುಕಟ್ಟೆ ಸಮಿತಿಯ ಶುಲ್ಕದ ಉತ್ಪನ್ನದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೋಯಿತು. ಮೂವತ್ತೈದರಿಂದ ಅರವತ್ತು ಎಂದರೆ ಶೇಕಡಾ ಎಪ್ಪತ್ತೊಂದರ ಏರಿಕೆಯಾದರೂ ಮೊದಲಿಗಿಂತ ಅರವತ್ತು ಕಡಿಮೆಯೇ. ಅಂಗಳದ ದೀಪ, ನೀರು, ನೆರಳು, ಹಮಾಲರ ಅನುಕೂಲ ಎಲ್ಲವೂ ಆ ಪೈಸೆಗಳಿಂದಲೇ ನಡೆಯಬೇಕು.

ಮುದ್ದೇಬಿಹಾಳ, ಸಿಂದಗಿಗಳ ಹತ್ತಿ ಬೆಳೆಗಾರನಿಗೆ ಒಂದು ಎಚ್ಚರಿಕೆ. ಗಿರಣಿಯ ಕಾಮಗಾರರಲ್ಲಿ ಊರಲ್ಲಿ ಎರಡು ಎಕರೆ ಇದ್ದವರು ಬಹಳ ಮಂದಿ, ಅವರಿಗೂ ಸಲ್ಲುತ್ತದೆ. ಹತ್ತಿ ನಿಗಮದ ನಿಯಮದಲ್ಲಿ ತೇವ ಶೇಕಡಾ ಎಂಟರವರೆಗೆ ಇದ್ದರೆ ಪೂರ್ಣ ಬೆಂಬಲ ಬೆಲೆ, ಎಂಟರಿಂದ ಹನ್ನೆರಡರವರೆಗೆ ಹೆಚ್ಚಾದ ತೇವದ ಪ್ರಮಾಣಕ್ಕೆ ತಕ್ಕಷ್ಟು ಕಡಿತ. 2025-26ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 8,110 ರೂಪಾಯಿ. ತೇವ ಹನ್ನೆರಡು ಬಂದರೆ ಹೆಚ್ಚಾದದ್ದು ನಾಲ್ಕು. ನಾಲ್ಕರಂತೆ 324 ರೂಪಾಯಿ 40 ಪೈಸೆ ಕಡಿತ. ಆದರೆ ಪೇಟೆಯಲ್ಲಿ "ತೇವ ಹನ್ನೆರಡು, ಆದುದರಿಂದ ಹನ್ನೆರಡು ಕಡಿತ" ಎಂಬ ಮಾತನ್ನು ಈ ಕಿವಿಗಳಿಂದಲೇ ಕೇಳಿದ್ದೇನೆ. ಹನ್ನೆರಡರಂತೆ ಕಡಿದರೆ 973 ರೂಪಾಯಿ ಹೋಗುತ್ತದೆ. ಒಂದು ಕ್ವಿಂಟಾಲಿಗೆ 648 ರೂಪಾಯಿ 80 ಪೈಸೆ ಅನ್ಯಾಯ. ಹತ್ತು ಕ್ವಿಂಟಾಲು ತಂದವನು ಹುಡುಗನ ಒಂದು ವರುಷದ ಶಾಲೆಯ ಖರ್ಚನ್ನು ತಕ್ಕಡಿಯ ಮೇಲೆಯೇ ಬಿಟ್ಟು ಹೋದ.

ಕಬ್ಬಿನ ಪಟ್ಟಿಯಲ್ಲಿ ಈ ಆಟ ಇನ್ನೂ ನಯವಾಗಿದೆ. 2025-26ಕ್ಕೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಲೆ ಕ್ವಿಂಟಾಲಿಗೆ 355 ರೂಪಾಯಿ, ಸಕ್ಕರೆ ಇಳುವರಿ ಶೇಕಡಾ 10.25 ಇದ್ದಾಗ. ಇಳುವರಿಯಲ್ಲಿ 0.1 ಇಳಿದರೆ 3 ರೂಪಾಯಿ 46 ಪೈಸೆ ಕಡಿತ. 9.5ಕ್ಕೆ ಬಂದರೆ 329 ರೂಪಾಯಿ 5 ಪೈಸೆ, ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. "ಮುಕ್ಕಾಲು ಪರ್ಸೆಂಟು ಮಾತ್ರ ಇಳುವರಿ ಕಡಿಮೆ ಬಂದಿದೆ, ಅದಕ್ಕೇಕೆ ಇಷ್ಟು ಗದ್ದಲ" ಎಂದು ಹೇಳುವವರಿದ್ದಾರೆ. ಮುಕ್ಕಾಲು ಇಳಿದದ್ದು ನೂರರಲ್ಲಿ ಅಲ್ಲ, ಹತ್ತೂಕಾಲರಲ್ಲಿ. ಸಕ್ಕರೆಯ ಲೆಕ್ಕದಲ್ಲಿ ಅದು ಶೇಕಡಾ 7.3. ಹಣದ ಲೆಕ್ಕದಲ್ಲಿಯೂ ಅದೇ: ಟನ್ನಿಗೆ 259 ರೂಪಾಯಿ 50 ಪೈಸೆ, ನೂರು ಟನ್ನಿಗೆ 25,950 ರೂಪಾಯಿ. ಇಳುವರಿಯನ್ನು ಅಳೆಯುವ ಪ್ರಯೋಗಶಾಲೆ ಕಾರ್ಖಾನೆಯ ಗೋಡೆಯ ಒಳಗಿದೆ. ಅದರಲ್ಲಿ ದುಡಿಯುವವರು ಕಾಮಗಾರರು, ಅದರ ಚೀಟಿಯನ್ನು ಹಿಡಿದು ಹೊರಗೆ ನಿಲ್ಲುವವರು ರೈತರು. ಎಷ್ಟೋ ಸಲ ಇಬ್ಬರೂ ಒಂದೇ ಮನೆಯವರು. ಈ ಅಳತೆಯ ಹೊತ್ತಿಗೆ ರೈತರ ಪ್ರತಿನಿಧಿಯೊಬ್ಬ ಅಲ್ಲಿ ನಿಂತಿರಬೇಕೆಂದು ನಾವು ಕೇಳುವುದರಲ್ಲಿ ಅತಿರೇಕವೇನಿದೆ?

ಕಾಮಗಾರನ ಸ್ವಂತ ಕಿಸೆಗೆ ಬರೋಣ. 1965ರ ಬೋನಸ್ ಕಾಯಿದೆ ಕನಿಷ್ಠ ಬೋನಸ್ಸನ್ನು ಶೇಕಡಾ ನಾಲ್ಕು ಎಂದಿತ್ತು. ಕಾಮಗಾರರ ಒತ್ತಾಯದಿಂದ 1972ರಲ್ಲಿ ಅದು 8.33 ಆಯಿತು. ಹನ್ನೆರಡು ತಿಂಗಳ ದುಡಿತಕ್ಕೆ ಹದಿಮೂರನೆಯ ಪಗಾರ ಎಂಬುದು ಅದರ ಅರ್ಥ. 1975ರ ಸೆಪ್ಟೆಂಬರಿನಲ್ಲಿ, ತುರ್ತುಪರಿಸ್ಥಿತಿಯಲ್ಲಿ ಬಾಯಿ ಬಿಡುವವರೆಲ್ಲ ಜೇಲಿನಲ್ಲಿದ್ದಾಗ, ಸುಗ್ರೀವಾಜ್ಞೆಯಿಂದ ಅದನ್ನು ಮತ್ತೆ ನಾಲ್ಕಕ್ಕೆ ಇಳಿಸಿದರು. "ನಾಲ್ಕು ಪರ್ಸೆಂಟಿನಷ್ಟು ಇಳಿಸಿದ್ದೇವೆ, ದೇಶಕ್ಕಾಗಿ ಸಹಿಸಿರಿ" ಎಂಬ ಧಾಟಿಯಲ್ಲಿ ಮಾತಾಡಲು ಆ ಅಂಕಿ ಅನುಕೂಲವಾಗಿತ್ತು. ತಿಂಗಳಿಗೆ ಇನ್ನೂರು ಪಗಾರವಿದ್ದವನ ಲೆಕ್ಕ ನೋಡಿರಿ: ಇನ್ನೂರು ರೂಪಾಯಿ ಬರಬೇಕಾದಲ್ಲಿ ತೊಂಬತ್ತಾರು ಬಂದಿತು. ಇಳಿದದ್ದು ನಾಲ್ಕಲ್ಲ, ಶೇಕಡಾ ಐವತ್ತೆರಡು! ಅರ್ಧಕ್ಕಿಂತ ಹೆಚ್ಚು. 1977ರಲ್ಲಿ ಜನತಾ ಸರಕಾರ ಬಂದ ಮೇಲೆಯೇ 8.33 ಮರಳಿದ್ದು. 2025ರ ನವೆಂಬರ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಆ ಅಂಕಿ ಉಳಿದಿದೆ. ಅಂಕಿ ಉಳಿದರೆ ಸಾಲದು, ಯಾವ ಪಗಾರದ ಮೇಲೆ 8.33 ಎಂಬುದನ್ನೂ ಕೇಳಬೇಕು. ಮೂಲ ಪಗಾರವನ್ನು ಸಣ್ಣದು ಮಾಡಿ ಭತ್ತೆಗಳನ್ನು ದೊಡ್ಡದು ಮಾಡಿದವನು ಶೇಕಡಾವನ್ನು ಮುಟ್ಟದೆಯೇ ಬೋನಸ್ಸನ್ನು ಕಡಿದ ಹಾಗೆ.

ಮಾಲಿಕರು ಮಂದಿಯ ಕಾಲದಲ್ಲಿ "ಈ ವರುಷ ಶೇಕಡಾ ಹತ್ತು ಕಡಿತ, ಮುಂದಿನ ವರುಷ ಶೇಕಡಾ ಹತ್ತು ಏರಿಕೆ, ಸರಿಹೋಯಿತಲ್ಲ" ಎಂದು ಒಪ್ಪಂದದ ಕಾಗದ ತಂದರೆ ಸಹಿ ಹಾಕುವ ಮುನ್ನ ಕುಳಿತು ಲೆಕ್ಕ ಹಾಕಿರಿ. ಹತ್ತು ಸಾವಿರ ಒಂಬತ್ತು ಸಾವಿರವಾಗುತ್ತದೆ. ಒಂಬತ್ತರ ಮೇಲೆ ಹತ್ತರಂತೆ ಏರಿದರೆ ಒಂಬತ್ತು ಸಾವಿರದ ಒಂಬತ್ತುನೂರು. ತಿಂಗಳಿಗೆ ನೂರು ರೂಪಾಯಿ ಮಾಯ. ಪಗಾರ ಇದ್ದಲ್ಲಿಯೇ ಇದ್ದು ಪೇಟೆಯ ಬೆಲೆಗಳು ಇಪ್ಪತ್ತೈದು ಏರಿದರೂ ಕಡಿತವೇ: ಹತ್ತು ಸಾವಿರಕ್ಕೆ ಮೊದಲಿನ ಎಂಟು ಸಾವಿರದ ಮಾಲು ಬರುತ್ತದೆ, ಶೇಕಡಾ ಇಪ್ಪತ್ತು ಹೋಯಿತು. ಆ ಕಡಿತಕ್ಕೆ ಮಾಲಿಕ ನೋಟೀಸು ಹಚ್ಚುವುದಿಲ್ಲ. ತುಟ್ಟಿಭತ್ತೆಗಾಗಿ ಹೋರಾಡುವವರನ್ನು ದುರಾಸೆಯವರೆಂದು ಬೈಯುವ ಪಟ್ಟಣದ ಸಭ್ಯರು ಈ ಒಂದು ಭಾಗಾಕಾರವನ್ನು ಮಾಡಿ ನೋಡಲಿ.

ಸಿಂದಗಿಯ ಆ ಕಟ್ಟೆಯ ಇಬ್ಬರಿಗೂ ಮರುದಿನ ನಾನೇ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಕಾಮಗಾರ ಕಾಗದವನ್ನು ಎರಡು ಸಲ ತಿರುವಿ ನೋಡಿ, ಹಾಗಾದರೆ ನನ್ನ ಬೋನಸ್ಸಿನ ಲೆಕ್ಕವನ್ನೂ ಇದೇ ರೀತಿ ನೋಡಬೇಕಲ್ಲ ಎಂದು ಪಗಾರದ ಚೀಟಿ ತರಲು ಮನೆಗೆ ಹೋದ. ಕಬ್ಬಿನ ಪಟ್ಟಿ, ಹತ್ತಿಯ ಪಟ್ಟಿ, ಪಗಾರದ ಚೀಟಿ, ವಿತರಕನ ಬಿಲ್ಲು, ಯಾವುದಿದ್ದವರೂ ಸಂತೆಯ ದಿನ ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಕಾರ್ಯಾಲಯಕ್ಕೆ ಬರಬೇಕು. ಮೇಜಿನ ಮೇಲೆ ಪೆನ್ಸಿಲು ಇದೆ.